ಬಿಟ್ಟಿ ಸುತ್ತು

ಸುಟ್ಟ ಬೇಕಲೈಟಿನ ವಾಸನೆ ಎಲ್ಲಿ ಬಂದರೂ ನನಗೆ ಮೊದಲು ನೆನಪಾಗುವುದು ಭದ್ರಾವತಿಯ ಜನ್ನಾಪುರದ ಆ ಎರಡು ಕೋಣೆಯ ಮನೆ. ಮನೆ ಚಿಕ್ಕಪ್ಪನದು. ಅಪ್ಪನ ಗುತ್ತಿಗೆ ಕೆಲಸ ಹೋದ ಮೇಲೆ ಅಪ್ಪ, ಅಮ್ಮ, ನಾನು ಅಲ್ಲಿಗೆ ಹೋಗಿ ಸೇರಿಕೊಂಡಿದ್ದೆವು. ಚಿಕ್ಕಪ್ಪನಿಗೆ ಇನ್ನೂ ಮದುವೆಯಾಗಿರಲಿಲ್ಲ. ಮನೆಯಿಂದಲೇ ದೂರದೂರದವರೊಂದಿಗೆ ಮಾತಾಡುವ ಹ್ಯಾಮ್ ರೇಡಿಯೊ ಹುಚ್ಚು, ಲೈಸೆನ್ಸೂ ಇತ್ತು. ನಡುಮನೆಯ ಮೇಜಿನ ಮೇಲೆ ಅವನೇ ಕಟ್ಟಿದ ಆಂಪ್ಲಿಫೈಯರ್, ಅದರೊಳಗೆ ಬಳೆ ಜೋಡಿಸಿಟ್ಟಂತೆ ದಪ್ಪ ತಾಮ್ರದ ಸುರುಳಿ. ಬೆಳಿಗ್ಗೆ ಅವನು ಮೈಕ್ ಹಿಡಿದು ಯಾರೊಂದಿಗೋ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರೆ ಅಪ್ಪ ಪೇಪರ್ ಮಡಚಿ ಕಿವಿಗೊಡುತ್ತಿದ್ದ. ಅಪ್ಪನಿಗೆ ಇಂಗ್ಲಿಷ್ ಬಾರದು. "ಬ್ರದರ್ ಅಂದ, ಕೇಳ್ಸಿತಾ? ನನ್ನ ವಿಷಯಾನೇ," ಅಂತ ಅಮ್ಮನಿಗೆ ಪಿಸುಗುಟ್ಟುತ್ತಿದ್ದ. "ಅವ್ನು ಎಲ್ರಿಗೂ ಹಂಗೇ ಅಂತಾನೆ, ಸುಮ್ನಿರಿ," ಅನ್ನುತ್ತಿದ್ದಳು ಅಮ್ಮ.

ಎಲ್ಲ ಬ್ಯಾಂಡಿಗೂ, ಅಂದರೆ ಎಲ್ಲ ತರಂಗಾಂತರಕ್ಕೂ, ಸುರುಳಿ ಪೂರ್ತಿ ಬೇಕಾಗುವುದಿಲ್ಲ. ಕೆಲವಕ್ಕೆ ನಾಲ್ಕೈದು ಸುತ್ತು ಸಾಕು, ಉಳಿದವು ಕೆಲಸವಿಲ್ಲದೆ ಕೂತಿರುತ್ತವೆ. ಅವಕ್ಕೆ ಚಿಕ್ಕಪ್ಪ ಬಿಟ್ಟಿ ಸುತ್ತು ಅನ್ನುತ್ತಿದ್ದ. ಹಾಗೇ ಬಿಟ್ಟರೆ ಅವುಗಳಲ್ಲಿ ವೋಲ್ಟೇಜ್ ಏರಿ ಕಿಡಿ ಹಾರುತ್ತದೆ; ಅದಕ್ಕೇ ಅವುಗಳ ಎರಡೂ ತುದಿ ಒಂದಾಗಲೆಂದು ಬ್ಯಾಂಡ್ ಬದಲಿಸುವ ಸ್ವಿಚ್ಚಿಗೊಂದು ತಾಮ್ರದ ಪಟ್ಟಿ ಬೆಸೆದಿದ್ದ. ಒಂದು ದಿನ ನನಗೆ ತೋರಿಸುತ್ತಾ, "ಬಿಟ್ಟಿ ಕೂತೋರನ್ನ ಕಟ್ಟಿಹಾಕ್ಬೇಕು ಮಾರಾಯ್ತಿ, ಇಲ್ಲಾಂದ್ರೆ ಮನೆ ಸುಡ್ತಾರೆ," ಅಂದ. ನಾವಿಬ್ಬರೂ ನಕ್ಕೆವು. ಬಾಗಿಲಲ್ಲಿ ಅಪ್ಪ ನಿಂತಿದ್ದ. ಅವತ್ತು ಊಟಕ್ಕೆ ಕೂತಾಗ ಅಪ್ಪ ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ.

ಮುಂದಿನ ಭಾನುವಾರ ಚಿಕ್ಕಪ್ಪ ಮೈಕ್ ಒತ್ತಿದ್ದೇ ಪೆಟ್ಟಿಗೆಯೊಳಗೆ ಚಟಚಟ ಅಂತು. ನೀಲಿ ಕಿಡಿ, ಹೊಗೆ. ಮುಚ್ಚಳ ತೆಗೆದರೆ ಪಟ್ಟಿ ಕಳಚಿ ತಳದಲ್ಲಿ ಬಿದ್ದಿತ್ತು, ಬೇಕಲೈಟಿನ ಸ್ವಿಚ್ ಕರಕಲಾಗಿತ್ತು. ಚಿಕ್ಕಪ್ಪ ತಿರುಗಿ ಅಪ್ಪನನ್ನು ನೋಡಿದ, ಅಷ್ಟೆ. ವಾರವಿಡೀ ಮಧ್ಯಾಹ್ನ ಮನೆಯಲ್ಲಿ ಒಬ್ಬನೇ ಇರುತ್ತಿದ್ದವನು ಅಪ್ಪ. ಅಂಥ ಒಂದು ನೋಟ ನಿಮ್ಮ ಮನೆಯಲ್ಲೂ ಇದ್ದೀತು. ಅಪ್ಪ ಅಂಗಿ ಹಾಕಿಕೊಂಡು ಹೊರಗೆ ಹೋದ. ತಿಂಗಳು ತುಂಬುವುದರೊಳಗೆ ನಾವು ಮಲವಗೊಪ್ಪದ ಬಾಡಿಗೆ ಮನೆಯಲ್ಲಿದ್ದೆವು. ಆಮೇಲೆ ಅಣ್ಣ ತಮ್ಮ ಎದುರಾಗುತ್ತಿದ್ದದ್ದು ನೆಂಟರ ಮದುವೆಗಳಲ್ಲಿ ಮಾತ್ರ, ಊಟಕ್ಕೆ ಬೇರೆ ಬೇರೆ ಪಂಕ್ತಿಯಲ್ಲಿ.

ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬಸ್ಸಿಗೆ ಜೋತುಬಿದ್ದು ಶಿವಮೊಗ್ಗಕ್ಕೆ ಹೋಗಿ ಎಲೆಕ್ಟ್ರಾನಿಕ್ಸ್ ಓದಿದೆ. ಹಾಗೆ ಪಟ್ಟಿಯಿಂದ ಕಟ್ಟಿಹಾಕಿದ ಸುತ್ತಿನಲ್ಲೂ ಜೋರಾಗಿ ಕರೆಂಟ್ ಹರಿಯುತ್ತದೆ, ಬಿಸಿಗೆ ಬೆಸುಗೆ ಕರಗಿ ಪಟ್ಟಿ ತಾನಾಗಿಯೇ ಕಳಚಿ ಬೀಳಬಹುದು ಅಂತ ಗೊತ್ತಾದದ್ದು ಅಲ್ಲಿ. ಅಷ್ಟರಲ್ಲಿ ಕಾಮಾಲೆ ಚಿಕ್ಕಪ್ಪನನ್ನು ಕೊಂಡೊಯ್ದಿತ್ತು, ಜನ್ನಾಪುರದ ಮನೆಯಲ್ಲಿ ಬೇರೆಯವರಿದ್ದರು. ಬೆಸುಗೆಯ ವಿಷಯ ಅಪ್ಪನಿಗೆ ಹೇಳಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡ.

"ಇರಬಹುದು. ಅವನು ಒಂದು ಮಾತು ಕೇಳಬಹುದಿತ್ತು. ಕೇಳ್ಲಿಲ್ಲ, ನೋಡ್ದ."

ಹಾಗಾದರೆ ನೀನು ಮುಟ್ಟಿರಲಿಲ್ಲ ತಾನೇ ಅನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಕೇಳಲಿಲ್ಲ. ಈಗ ಕೇಳೋಣವೆಂದರೆ ಅಪ್ಪನೂ ಇಲ್ಲ.