ಕಳಸೂಬಾಯಿ ಹಾಕಿದ ಷರತ್ತು

ನನಗೊಂದು ಕೆಟ್ಟ ಚಾಳಿ. ತಲೆಗೆ ಹೊಕ್ಕ ಪ್ರಶ್ನೆಗೆ ಉತ್ತರ ಸಿಗುವತನಕ ಸಮಾಧಾನವಿಲ್ಲ. ಮುಂಬಯಿಯ ಘಾಟ್ಕೋಪರ್‌ನ ನಮ್ಮ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಹೆಂಗಸನ್ನು ಎಲ್ಲರೂ ಬಾಯಿ ಎಂದೇ ಕರೆಯುತ್ತಿದ್ದೆವು. ಪ್ರತಿ ನವರಾತ್ರಿಗೆ ರಜೆ ಹಾಕಿ ಊರಿಗೆ ಹೋಗಿ, ಕಳಸೂಬಾಯಿ ಶಿಖರ ಹತ್ತಿ ಬರುತ್ತಿದ್ದಳು. ಮಹಾರಾಷ್ಟ್ರದಲ್ಲೇ ಅತಿ ಎತ್ತರದ ಬೆಟ್ಟ ಅದು. ವರ್ಷವಿಡೀ ನಿಂತೇ ದುಡಿಯುವವಳಿಗೆ ಸಿಕ್ಕ ರಜೆಯಲ್ಲೂ ಬೆಟ್ಟ ಹತ್ತುವ ಹುಚ್ಚು ಯಾಕೆ?

ಆಕೆ ಇನ್ನೊಂದನ್ನೂ ಕೇಳುತ್ತಿದ್ದಳು. ಪಾತ್ರೆ ತಿಕ್ಕುವ ಸೋಡಾ ನೀರಿಗೆ ಕೈ ಬಿರಿದಿದೆ, ತರಕಾರಿ ಹೆಚ್ಚುವ ಕೆಲಸ ಕೊಡಿ ಎಂದು. ಮ್ಯಾನೇಜರನಾದ ನಾನು “ನೋಡುವ” ಎನ್ನುತ್ತಿದ್ದೆ. ನಮ್ಮ ಉಡುಪಿ ಕಡೆಯ ಹೋಟೆಲುಗಳಲ್ಲಿ ಊರಿನಿಂದ ಬಂದವನು ಪಾತ್ರೆ ತೊಳೆದು, ಮೇಜು ಒರೆಸಿ, ಸಪ್ಲಾಯರ್ ಆಗಿ, ಕೊನೆಗೆ ಗಲ್ಲಾದಲ್ಲಿ ಕೂರುತ್ತಾನೆ. ನಾನೂ ಹಾಗೇ ಬಂದವನು. ಬಾಯಿ ಮಾತ್ರ ಹನ್ನೆರಡು ವರ್ಷದಿಂದ ತೊಟ್ಟಿಯ ಹತ್ತಿರವೇ ಇದ್ದಳು. ಅದು ನನಗೆ ವಿಚಿತ್ರ ಅನ್ನಿಸಿರಲೇ ಇಲ್ಲ.

ಕಳೆದ ನವರಾತ್ರಿಗೆ ಅವಳ ಜೊತೆ ನಾನೂ ಹೊರಟೆ. ಕಸಾರಾ ಲೋಕಲ್ ರೈಲು, ಆಮೇಲೆ ಜೀಪು. ಬೆಟ್ಟದ ಕಬ್ಬಿಣದ ಏಣಿಗಳಲ್ಲಿ ನಾನು ಏದುಸಿರು ಬಿಡುತ್ತಿದ್ದರೆ ಆಕೆ ಸರಸರ ಮೇಲೆ.

“ಈ ಕಳಸೂಬಾಯಿ ದೇವಿ ಇಷ್ಟು ಮೇಲೆ ಯಾಕೆ ಬಂದು ಕೂತದ್ದು ಮಾರಾಯ್ತಿ?” ಎಂದೆ.

ನಮ್ಮ ಅಡುಗೆಮನೆಯಲ್ಲಿ ಕಲಿತ ಕನ್ನಡದಲ್ಲಿ ಹೇಳಿದಳು. “ಅವಳು ಮೊದಲು ಮನೆಕೆಲಸದ ಹುಡುಗಿ, ಶೇಠ್. ಬೇರೆ ಎಲ್ಲ ಕಾಮ್ ಮಾಡ್ತೆ, ಭಾಂಡಿ-ಪಾತ್ರೆ ತೊಳೂದಿಲ್ಲ ಅಂತ ಶರತ್ ಹಾಕಿದ್ಳು. ಒಂದು ದಿವ್ಸ ಜಬರ್ದಸ್ತಿ ತೊಳೆಸಿದ್ರು. ಇಲ್ಲಿ ಬಂದ್ಳು. ವಾಪಸ್ ಹೋಗ್ಲೇ ಇಲ್ಲ.”

ಏಣಿಯ ಮೇಲೆ ನನ್ನ ಕಾಲು ನಿಂತುಬಿಟ್ಟಿತು. ನಾಚಿಕೆಯಾಯಿತು. ಬೆಟ್ಟದ ಬಗ್ಗೆ ಇಷ್ಟೆಲ್ಲ ಕೆದಕಿದವನು ಇವಳ ಬಿರಿದ ಕೈಗಳನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ.

ತುದಿಯ ಪುಟ್ಟ ಗುಡಿಯಲ್ಲಿ ಕೈಮುಗಿದು ಹೊರಬಂದವಳು ಮೆಲ್ಲಗೆ, “ನಾನೂ ಸೋಮವಾರ ಬರೂದಿಲ್ಲ ಶೇಠ್. ಗಾಂವಲ್ಲೇ ಇರ್ತೆ,” ಎಂದಳು.

“ತರಕಾರಿಗೆ ಬಾ,” ಎಂದೆ.

“ಮತ್ತೆ ಭಾಂಡಿ ಯಾರು?”

“ಅದು ನನ್ನ ತಲೆಬಿಸಿ.”

ಸೋಮವಾರ ಬೇರೆ ಜನ ಸಿಗಲಿಲ್ಲ. ಪ್ಯಾಂಟು ಮಡಚಿ ತೊಟ್ಟಿಯ ಮುಂದೆ ನಾನೇ ನಿಂತೆ. ಬೀನ್ಸ್ ಹೆಚ್ಚುತ್ತಿದ್ದ ಬಾಯಿ ಎದ್ದು ಬಂದು, ನಾನು ತೊಳೆದಿಟ್ಟ ಸಾಂಬಾರಿನ ಪಾತ್ರೆಯೊಳಗೆ ಬೆರಳಾಡಿಸಿ ಎಣ್ಣೆಜಿಡ್ಡು ನೋಡಿದಳು. “ತೇಲ್ ಹೋಗ್ಲಿಲ್ಲ ಶೇಠ್,” ಎಂದು ನನ್ನ ಕಡೆಗೇ ತಳ್ಳಿದಳು. ಮತ್ತೆ ತಿಕ್ಕಿದೆ.