ಮುಚ್ಚಬಾರದ ಹೊಲಿಗೆ

ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ಸದಾ ಕೆಂಪು. ಮೊದಲ ಸಲ ಬೇಲಿಯಾಚೆಯಿಂದ ಕೈ ಎತ್ತಿ ‘ಹಲೋ’ ಅಂದಾಗ ಏನೋ ಕೊಯ್ದುಕೊಂಡಿದ್ದಾರೆ ಅಂತ ಗಾಬರಿಯಾಗಿ ಬ್ಯಾಂಡ್‌ಏಡ್ ಹಿಡಿದು ಓಡಿದ್ದೆ. ಬಣ್ಣ ಅದು. ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ.

ಬ್ಲ್ಯಾಕ್‌ಟೌನಿನ ನಮ್ಮ ಪಕ್ಕದ ಮನೆಯ ಆಂಟಿ ರುಮೇನಿಯಾದವರು, ಚಿತ್ರ ಬರೆಯುವವರು. ನಾನು ಧಾರವಾಡದವಳು, ಸುಮ್ಮನೆ ಕೂರುವವಳಲ್ಲ. ಶೇಂಗಾ ಚಟ್ನಿಪುಡಿ ಕೊಡುವ ನೆಪದಲ್ಲಿ ಒಳಗೆ ನುಗ್ಗಿದೆ. ಅವರು ಅದನ್ನು ಬ್ರೆಡ್ಡಿಗೆ ಬೆಣ್ಣೆಯ ಜೊತೆ ಹಚ್ಚಿಕೊಂಡು ತಿಂದು ಮತ್ತೆ ಕೇಳಿದರು. ಗ್ಯಾರೇಜಿನಲ್ಲಿ ಕಾರಿರಲಿಲ್ಲ, ಗೋಡೆ ತುಂಬ ಹೆಂಗಸರ ಚಿತ್ರಗಳು. ಒಬ್ಬರಿಗೂ ಮುಖವಿಲ್ಲ. ಕತ್ತಿನ ಮೇಲೆ ಬರೀ ಬಿಳಿ. ಆದರೆ ತೊಟ್ಟ ಅಂಗಿಗಳ ತೋಳಿನ ಮೇಲೆ ಕೆಂಪು, ಕಪ್ಪು ಕಸೂತಿ. ಒಂದೊಂದು ಹೊಲಿಗೆಯನ್ನೂ ಎಣಿಸಬಹುದಿತ್ತು. ಮುಖವೇ ಇಲ್ಲದವರು ನನ್ನನ್ನು ನೋಡುತ್ತಿದ್ದರು.

“ಆಂಟಿ, ಇವರ ಮುಖ ಎಲ್ಲಿ?”

“ನಮ್ಮ ದೇಶದ ದೊಡ್ಡ ಗಂಡಸು ಚಿತ್ರಕಾರರು ಹಳ್ಳಿ ಹೆಂಗಸರ ಮುಖ ಚಂದ ಬರೆದರು, ಅಂಗಿಯ ಮೇಲೆ ಬ್ರಷ್ ಒರೆಸಿ ಬಿಟ್ಟರು. ಆ ತೋಳು ಹೊಲಿದು ಹೊಲಿದು ತೊಟ್ಟವಳ ಕಣ್ಣು ಹೋಗಿತ್ತು. ಯಾವ ಊರು, ಮದುವೆ ಆಗಿದೆಯೋ, ಗಂಡ ಸತ್ತನೋ, ಎಲ್ಲ ಆ ಕಸೂತಿಯಲ್ಲೇ ಹೇಳಿಕೊಂಡಿದ್ದಾಳೆ. ನಾನು ಅದನ್ನ ಬರೀತೀನಿ. ಮುಖ ಬೇಕಾದವರು ಕನ್ನಡಿ ನೋಡ್ಕೊಳ್ಳಲಿ.” ಹೀಗೆ ಹೇಳಿ ತಾವೇ ಗೊಳ್ಳೆಂದು ನಕ್ಕರು.

ಇನ್ನೊಂದು ದಿನ ತೀರಿಹೋದ ನನ್ನ ಅವ್ವನ ಇಳಕಲ್ಲ ಸೀರೆ ಒಯ್ದು ತೋರಿಸಿದೆ. ಅವಳೇ ಕಸೂತಿ ಹಾಕಿದ್ದು. ಆಂಟಿ ಸೆರಗು ತಿರುವಿ ನೋಡಿ, “ಹಿಂದೆ ಗಂಟೇ ಇಲ್ಲವಲ್ಲ!” ಅಂದರು. ನಮ್ಮಲ್ಲಿ ಗಂಟು ಹಾಕುವ ಹಾಗಿಲ್ಲ, ದಾರ ಹೋದ ದಾರಿಯಲ್ಲೇ ತಿರುಗಿ ಬಂದು ಬಿಟ್ಟ ಜಾಗವನ್ನೆಲ್ಲ ತುಂಬಬೇಕು, ಒಂದು ಹೊಲಿಗೆ ಬಿಟ್ಟರೂ ಅವ್ವ ಬೆರಳ ಮೇಲೆ ಹೊಡೀತಿದ್ದಳು ಅಂದೆ.

ಆಂಟಿ ಸೆರಗು ಕೆಳಗಿಟ್ಟರು. “ನಮ್ಮಮ್ಮ ತುಂಬಿದರೆ ಹೊಡೀತಿದ್ದಳು. ಒಂದನ್ನ ಬಿಡಲೇಬೇಕು. ಇಲ್ಲದಿದ್ರೆ ತೊಟ್ಟವಳು ಹೊರಗೆ ಹೋಗೋದು ಹೇಗೆ?”

“ಹೊರಗೆ ಅಂದ್ರೆ ಎಲ್ಲಿಗೆ?”

ಆಂಟಿ ಬ್ರಷ್ ತೊಳೆಯಲು ಎದ್ದರು.

ಆಂಟಿ ಕಾಯಿಲೆ ಬಿದ್ದ ಮೇಲೆ ಅವರ ಮಗಳು ಮೆಲ್ಬರ್ನಿಗೆ, ಡಾಕ್‌ಲ್ಯಾಂಡ್ಸ್‌ನ ತನ್ನ ಅಪಾರ್ಟ್‌ಮೆಂಟಿಗೆ ಕರೆದೊಯ್ದಳು. ಹೊರಡುವಾಗ ಆಂಟಿ ನನಗೊಂದು ಚಿತ್ರ ಕೊಟ್ಟು, “ಇದು ನಾನು,” ಅಂದರು. ಮುಖವಿಲ್ಲ, ತಾಯಿ ಹೊಲಿದ ಅಂಗಿ. ಎಡತೋಳಿನಲ್ಲಿ ಒಂದು ಹೊಲಿಗೆಯ ಜಾಗ ಖಾಲಿ.

ಆ ಖಾಲಿ ಜಾಗ ನನ್ನ ಪ್ರಾಣ ತಿಂದಿತು. ಊಟಕ್ಕೆ ಕೂತರೂ ಕಣ್ಣು ಅಲ್ಲಿಗೇ. ಒಂದು ಭಾನುವಾರ ನನ್ನ ಮಗಳ ಬಣ್ಣದ ಡಬ್ಬಿ ತೆಗೆದು ಅಕ್ಕಿಕಾಳಿಗಿಂತ ಸಣ್ಣದೊಂದು ಕೆಂಪು ಗೆರೆ ಎಳೆದುಬಿಟ್ಟೆ. ಮನಸ್ಸು ಹಗುರಾಯಿತು. ಥೂ, ಎಂಥ ಬುದ್ಧಿ ನನ್ನದು!

ಗುರುವಾರ ಆಂಟಿಯ ಮಗಳು ಫೋನ್ ಮಾಡಿದಳು. “ಭಾನುವಾರವೇ ಹೋಗ್ತಾರೆ ಅಂದಿದ್ರು ಡಾಕ್ಟರು. ಇನ್ನೂ ಪ್ರಾಣ ಹೋಗ್ತಿಲ್ಲ. ಅಮ್ಮನ ಸಂಕಟ ನೋಡೋಕಾಗಲ್ಲ. ಎಡತೋಳು ಕೆರೆದುಕೊಂಡು ಒಂದೇ ಕೇಳ್ತಾಳೆ, ‘ಯಾರು ಮುಚ್ಚಿದ್ದು?’ ಅಂತ. ನಿಮಗೇನಾದ್ರೂ ಗೊತ್ತಾ?”

ಗೊತ್ತಿಲ್ಲ ಅಂದೆ. ಸುಳ್ಳು.

ಚಿತ್ರ ಇಳಿಸಿ ತೊಡೆಯ ಮೇಲಿಟ್ಟುಕೊಂಡೆ. ಗೆರೆ ಇದ್ದರೆ ಆಂಟಿ ನರಳುತ್ತಾರೆ, ತೆಗೆದರೆ ಹೋಗುತ್ತಾರೆ. ಎರಡೂ ನನಗೆ ಬೇಡವಾಗಿತ್ತು. ಅಳುತ್ತಲೇ ಅವ್ವನ ಸೂಜಿಯಿಂದ ಕೆರೆದೆ. ಮಧ್ಯಾಹ್ನದ ಬಿಸಿಲಿನಲ್ಲಿ ಅಡಿಯ ಬಿಳಿ ಕಂಡಿತು. ಸೂಜಿ ಕೆಳಗಿಡುವ ಮೊದಲೇ ಫೋನು ರಿಂಗಾಯಿತು. ನಾನು ಎತ್ತಲಿಲ್ಲ.

ಆಂಟಿಯ ಕ್ಷಮೆ ಕೇಳಲು ಆಗಲೇ ಇಲ್ಲ. ಈಗ ನನ್ನ ಮಗಳ ಕುರ್ತಾಕ್ಕೆ ಕಸೂತಿ ಹಾಕುತ್ತಿದ್ದೇನೆ. ಮೊನ್ನೆ ತೋಳಿನ ಮೇಲೆ ಬೆರಳಿಟ್ಟು, “ಮಮ್, ಯೂ ಮಿಸ್ಡ್ ಒನ್,” ಅಂದಳು.

“ಇರ್ಲಿ ಬಿಡವಾ, ಬೇಕಂತ್ಲೇ ಬಿಟ್ಟೀನಿ.”

“ವೈ?”

ನಾನು ಕೈ ತೊಳೆಯಲು ಎದ್ದೆ. ಆ ಗೆರೆ ಎಳೆದದ್ದು ಮಕ್ಕಳ ನೀರಿನ ಬಣ್ಣ, ಅವತ್ತೇ ಹೋಗಬೇಕಿತ್ತು. ನನ್ನ ಹೆಬ್ಬೆರಳು, ತೋರುಬೆರಳು ಇನ್ನೂ ಕೆಂಪಗಿವೆ.