ಅಂಚಿನ ಬಣ್ಣ

ಸೇಡಂನ ಆ ಸರಕಾರಿ ಶಾಲೆಯ ಹಿಂದಿನ ಕೋಣೆಯಲ್ಲಿ ಏನು ಬೇಕಾದರೂ ಮಾಸುಮಬಿಯನ್ನೇ ಕೇಳಬೇಕಿತ್ತು. ಚಾರ್ಟು, ತಕ್ಕಡಿ, ಭೂಗೋಳ, ಮಣ್ಣಿನ ಮಾದರಿ ಎಂದು ಸುತ್ತಲಿನ ಶಾಲೆಗಳ ಶಿಕ್ಷಕರು ಪಾಠಕ್ಕೆ ಬೇಕಾದದ್ದನ್ನು ಎರವಲು ಒಯ್ಯುವ ಕೋಣೆ ಅದು. ಮಾಸುಮಬಿ ಅಲ್ಲಿಯ ಅಟೆಂಡರ್, ಹದಿನೇಳು ವರ್ಷದಿಂದ; ಎಲ್ಲರ ಬಾಯಲ್ಲಿ 'ಖಾಲಾ', ಅಂದರೆ ಚಿಕ್ಕಮ್ಮ. "ಖಾಲಾ, ಹೃದಯ ಎಲ್ಲದರಿ?" ಎಂದು ಯಾರಾದರೂ ಬಾಗಿಲಲ್ಲಿ ನಿಂತು ಕೇಳಿದರೆ, ಕೂತ ಸ್ಟೂಲಿನಿಂದ ಏಳದೆಯೇ "ಕಪಾಟಿನ ಮ್ಯಾಲ ನೋಡ್ರಿ, ಮೂತ್ರಪಿಂಡದ ಬಾಜೂಕ" ಎನ್ನುತ್ತಿದ್ದಳು. ಎರವಲು ಪುಸ್ತಕದಲ್ಲಿ 'ಹುಡುಕಿಕೊಟ್ಟವರು' ಎಂದು ಒಂದು ಕಾಲಂ ಇತ್ತು. ಹದಿನೇಳು ವರ್ಷದ ಪುಟಗಳನ್ನು ತಿರುವಿದರೂ ಅಲ್ಲಿ ಒಂದೇ ಹೆಸರು.

ಆ ಕಾಲಂ ಆಕೆಗೆ ಎಷ್ಟು ಪ್ರೀತಿಯದು ಎಂಬುದನ್ನು ಯಾರಿಗೂ ಹೇಳಿರಲಿಲ್ಲ. ಮನೆಯಲ್ಲಿ ಒಲೆ ಸೊಸೆಯ ಕೈಗೆ ಹೋಗಿತ್ತು. ಉಪ್ಪು ಎಷ್ಟು ಹಾಕಲಿ ಎಂದು ಕೂಡ ಅಲ್ಲಿ ಯಾರೂ ಆಕೆಯನ್ನು ಕೇಳುತ್ತಿರಲಿಲ್ಲ. ಇಲ್ಲಿ ಬಿ.ಎಡ್. ಮಾಡಿದವರೆಲ್ಲ ಕೇಳುತ್ತಿದ್ದರು. ಮನುಷ್ಯರಿಗೆ ಇದಕ್ಕಿಂತ ಹೆಚ್ಚೇನು ಬೇಕು?

ಆದರೆ ಬರುವ ಮಾರ್ಚಿಗೆ ಆಕೆಯ ನಿವೃತ್ತಿ. ಜೂನಿನಲ್ಲಿ ಕೋಣೆಯ ಉಸ್ತುವಾರಿಗೆ ಬಂದ ಶರಣಕುಮಾರ ಸರ್‌ಗೆ ಅದೇ ಚಿಂತೆ. ಖಾಲಾ ಹೋದ ಮರುದಿನ ಈ ಒಂಬೈನೂರು ಸಾಮಾನು ರದ್ದಿಯಾಗುತ್ತವೆ ಎಂದು ಅವರಿಗೆ ಗೊತ್ತಿತ್ತು. ಹತ್ತು ಶಿಕ್ಷಕರನ್ನು ಕರೆಸಿ, ಪ್ರತಿ ವಸ್ತುವಿಗೂ ವಿಷಯದ ಚೀಟಿ ಅಂಟಿಸಿ, ಕಂಪ್ಯೂಟರಿನಲ್ಲಿ ಪಟ್ಟಿ ಮಾಡಿಸಿದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಒಬ್ಬರು 'ಪರಿಸರ' ಎಂದು ಬರೆದರೆ ಇನ್ನೊಬ್ಬರು 'ಇವಿಎಸ್' ಎಂದರು; ಉರ್ದು ಶಾಲೆಯ ಮೆಹತಾಬ್ ಸರ್ ಅದಕ್ಕೇ ತಮ್ಮ ಲಿಪಿಯಲ್ಲಿ ಉರ್ದು ಹೆಸರು ಬರೆದರು; ಕೊನೆಗೆ ಬೇಸತ್ತವರೊಬ್ಬರು ಇಪ್ಪತ್ತೆಂಟು ವಸ್ತುಗಳಿಗೆ 'ಇತರೆ' ಎಂದು ಅಂಟಿಸಿ ಬಸ್ಸು ಹಿಡಿದರು. ಒಂದು ಹೆಸರು ಹಾಕಿ ಹುಡುಕಿದರೆ ಒಂಬತ್ತು ಸಿಗುತ್ತಿದ್ದವು, ಉಳಿದ ಐವತ್ತು ಬೇರೆ ಹೆಸರಿನ ಹಿಂದೆ ಅಡಗಿ ಕೂರುತ್ತಿದ್ದವು. ಶಿಕ್ಷಕರು ಮತ್ತೆ ಸ್ಟೂಲಿನ ಹತ್ತಿರವೇ ಬಂದರು. ಮಾಸುಮಬಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಡಿಸೆಂಬರಿನಲ್ಲಿ ಶಹಾಬಾದಿನಲ್ಲಿರುವ ಮಗಳ ಬಾಣಂತನಕ್ಕೆಂದು ನಾಲ್ಕು ದಿನ ರಜೆ ಹಾಕಿ ಹೋದಳು. ವಾಡಿಯಲ್ಲಿ ರೈಲು ಬದಲಿಸಿ ತಿರುಗಿ ಬಂದವಳು ಕೆಲಸಕ್ಕೆ ಹಾಜರಾಗಿ, ಅಭ್ಯಾಸಬಲದಿಂದ ಎರವಲು ಪುಸ್ತಕ ತೆರೆದಳು. ಏಳನೆಯ ತರಗತಿ ಓದಿದವಳು, ಕನ್ನಡ ನಿಧಾನಕ್ಕೆ ಓದುತ್ತಾಳೆ. 'ಶಿವರಂಜನಿ, ಚಿಮ್ಮನಚೋಡ. ಬೇಕಾದದ್ದು: ದಾರದ ನಕಾಶೆ. ಸಿಗಲಿಲ್ಲ.' ಹುಡುಕಿಕೊಟ್ಟವರ ಕಾಲಂ ಖಾಲಿ.

"ಅಷ್ಟು ದೂರದಿಂದ ಬಂದಿದ್ರು ಖಾಲಾ," ಎಂದರು ಶರಣಕುಮಾರ ಸರ್. "ಐದನೇ ಕ್ಲಾಸಿನಾಗ ನಾಹಿದ ಅಂತ ಹುಡುಗಿ ಅದಾಳಂತ, ಕಣ್ಣು ಕಾಣಂಗಿಲ್ಲ. ಬೆರಳಿಲೆ ಮುಟ್ಟಿ ನದಿ ಯಾವ್ದು, ಗಡಿ ಯಾವ್ದು ಕಲೀಲಿ ಅಂತ ಕೇಳ್ಕೋತ ಬಂದಿದ್ರು. ಎರಡು ತಾಸು ಹುಡುಕಿದಿವಿ. ಸಮಾಜದ ಪಟ್ಟಿದಾಗ ಇಲ್ಲ. ಈಗ ನೋಡಿದ್ರ ಯಾರೋ ಅದಕ್ಕ ದಾರ, ಗೋಂದು ಅದಾವ ಅಂತ 'ಕರಕುಶಲ' ಅಂತ ಹಚ್ಚ್ಯಾರ!"

ನಕಾಶೆ ಇದ್ದದ್ದು ಬಾಗಿಲ ಹಿಂದೆ. ಮುರಿಯಬಾರದೆಂದು ಮಾಸುಮಬಿಯೇ ಅಲ್ಲಿ ಇಟ್ಟಿದ್ದಳು. ಆ ಟೀಚರ್ ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಂತೆ, ಅದೇ ಬಾಗಿಲಿನಿಂದ ಬಂದು ಅದೇ ಬಾಗಿಲಿನಿಂದ ಬರಿಗೈಯಲ್ಲಿ ಹೋಗಿದ್ದಳು. ಮಾಸುಮಬಿಗೆ ನಾಚಿಕೆಯಾಯಿತು. ಪಟ್ಟಿ ಕೆಟ್ಟಾಗ ತಾನು ನಕ್ಕದ್ದು ಶಿಕ್ಷಕರ ಮೇಲಲ್ಲ, ನಾಹಿದಳಂಥವರ ಮೇಲೆ ಎಂದು ಈಗ ತಿಳಿಯಿತು.

"ಬಿಡ್ರಿ ಖಾಲಾ, ನೀವು ರಜಾದಾಗ ಇದ್ರಿ."

"ಮಾರ್ಚ್ ಮುಗದ ಮ್ಯಾಲ ಕಾಯಂ ರಜಾನೇ ಅಲ್ರಿ ಸರ್ರ?" ಎಂದಳು. ಆಮೇಲೆ ತಂದೆಯ ವಿಷಯ ತೆಗೆದಳು.

ಆಕೆಯ ತಂದೆ ಹಾಜಿಮಲಂಗ್ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿಕಲ್ಲಿನ ಒಂದು ಪಾಲಿಶ್ ಕಾರ್ಖಾನೆಯಲ್ಲಿ ಗುರುತು ಹಾಕುವವನು. ಅಲ್ಲಿ ಕಲ್ಲುಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸುತ್ತಾರೆ. ಮುಖ ಕಾಣುವುದಿಲ್ಲ, ಅಂಚು ಮಾತ್ರ ಕಾಣುತ್ತದೆ. ಆದ್ದರಿಂದ ಬಣ್ಣ ಅಂಚಿಗೇ. ಯಾವ ಬಣ್ಣ ಯಾವ ತರದ ಕಲ್ಲಿಗೆ ಎಂದು ಗೇಟಿನಲ್ಲಿ ಒಂದು ಹಲಗೆ. ಹಲಗೆಯ ಮೇಲೆ ಇಲ್ಲದ ಗುರುತನ್ನು ಮಾಲಕನ ಮಗನೂ ಹಾಕುವ ಹಾಗಿರಲಿಲ್ಲ.

"ನೀವು ಹತ್ತು ಮಂದಿ ಕೈಗೆ ಮೊದಲೇ ಬ್ರಶ್ ಕೊಟ್ರಿ ಸರ್ರ," ಎಂದಳು. "ಮೊದಲಿಗೆ ಹಲಗಿ ಆಗಬೇಕಿತ್ತು."

ಹಲಗೆ ಆಯಿತು. ಹತ್ತು ಮಂದಿಯನ್ನು ಮತ್ತೆ ಕೂಡಿಸಿ, ಒಂದು ಇಡೀ ಶನಿವಾರ ಜಗಳಾಡಿಸಿ, ಹನ್ನೊಂದೇ ಹೆಸರು ಗಟ್ಟಿ ಮಾಡಿದರು. ಹತ್ತು ಪಾಠದ ವಿಷಯಗಳು, ಹನ್ನೊಂದನೆಯದು 'ಮುಟ್ಟಿ ಕಲಿಯುವುದು'. 'ಇತರೆ' ಎಂಬುದನ್ನು ಹೊರಗೆ ಹಾಕಿದರು. ಪ್ರತಿ ಹೆಸರಿನ ಕೆಳಗೆ ಮೆಹತಾಬ್ ಸರ್ ಉರ್ದುವಿನಲ್ಲೂ ಬರೆದರು, ಮುಂದೆ ಒಂದು ಬಣ್ಣ. ಯಾವ ಭಾಷೆಯಲ್ಲಿ ಓದಿದರೂ ಬಣ್ಣ ಒಂದೇ. ಕಂಪ್ಯೂಟರಿನಲ್ಲೂ ಆ ಹನ್ನೊಂದನ್ನು ಬಿಟ್ಟು ಬೇರೆ ಹೆಸರು ಬರೆಯಲು ಬಾರದಂತೆ ಮಾಡಿದರು. ಮಾಸುಮಬಿ ಜನವರಿಯಿಡೀ ಕೂತು ಒಂದೊಂದರ ಅಂಚಿಗೂ ಬಣ್ಣ ಬಳಿದಳು.

ದಾರದ ನಕಾಶೆಯ ಹತ್ತಿರ ಬಂದಾಗ ಕೈ ನಿಂತಿತು. ಸಮಾಜದ ಹಳದಿಯೂ ಬೇಕು, ಮುಟ್ಟಿ ಕಲಿಯುವ ನೀಲಿಯೂ ಬೇಕು ಎಂದರು ಶರಣಕುಮಾರ ಸರ್.

"ಎರಡು ಬಣ್ಣ ಹಚ್ಚಂಗಿಲ್ಲರಿ," ಎಂದಳು ಖಡಾಖಂಡಿತವಾಗಿ. "ಎರಡು ಬಣ್ಣ ಬಿತ್ತಂದ್ರ ಅದು ಒಡಕು ಕಲ್ಲು. ಲಾರಿ ಹತ್ತಂಗಿಲ್ಲ." ತಂದೆಯ ಕಾರ್ಖಾನೆಯಲ್ಲಿ ಅದು ಕಟ್ಟಾ ನಿಯಮ. ಒಂದು ಕಲ್ಲು, ಒಂದು ಸಾಲು. ಬಾಲ್ಯದಲ್ಲಿ ಕಲಿತದ್ದನ್ನು ಅರವತ್ತರ ಹೊಸ್ತಿಲಲ್ಲಿ ಬಿಡು ಎಂದರೆ ಯಾರು ಬಿಟ್ಟಾರು?

"ಬರೇ ಹಳದಿ ಹಚ್ಚಿದ್ರ ಚಿಮ್ಮನಚೋಡದ ಟೀಚರ್ ನೀಲಿ ಸಾಲಿನಾಗ ಹುಡುಕಿ ಮತ್ತ ಖಾಲಿ ಕೈಲೆ ಹೋಗ್ತಾರ ಖಾಲಾ."

ಎರಡು ದಿನ ನಕಾಶೆ ಗೋಡೆಗೆ ಒರಗಿ ನಿಂತಿತ್ತು. ಮೂರನೆಯ ದಿನ ಬೆಳಿಗ್ಗೆ ಶರಣಕುಮಾರ ಸರ್ ಬರುವಷ್ಟರಲ್ಲಿ ಅದರ ಅಂಚಿನಲ್ಲಿ ಹಳದಿಯ ಪಕ್ಕ ನೀಲಿ ಒಣಗುತ್ತಿತ್ತು. "ಫರಸಿ ಒಂದು ಮನಿಗೇ ಹೋಗಿ ಕೂಡ್ತದರಿ," ಎಂದಳು ಅವರ ಮುಖ ನೋಡದೆ. "ಇವು ಮನಿ ಮನಿ ತಿರುಗ್ತಾವ. ನಮ್ಮಪ್ಪಗ ನಾ ಹೇಳ್ಕೋತೀನಿ." ಅದನ್ನು ಒಯ್ದು ನೀಲಿ ಸಾಲಿನಲ್ಲಿ ಇಟ್ಟಳು. ಹಳದಿ ಸಾಲಿನಲ್ಲಿ 'ದಾರದ ನಕಾಶೆ ನೀಲಿಯಲ್ಲಿದೆ' ಎಂದು ತಾನೇ ಕುಂಟಕ್ಷರದಲ್ಲಿ ಒಂದು ರಟ್ಟು ಬರೆದು ನಿಲ್ಲಿಸಿದಳು.

ಮಾರ್ಚಿನ ಕೊನೆಯ ವಾರ ಶಿವರಂಜನಿ ಮತ್ತೆ ಬಂದಳು. ಮಾಸುಮಬಿ ಸ್ಟೂಲಿನ ಮೇಲೆ ಕೂತು, ಬಾಯಿ ತೆರೆಯಬಾರದೆಂದು ಎಲೆ ಅಡಿಕೆ ತುಂಬಿಕೊಂಡಿದ್ದಳು. ಟೀಚರ್ ಆಕೆಯನ್ನು ನೋಡಿ ನಕ್ಕಳು, ಏನೂ ಕೇಳಲಿಲ್ಲ. ಹಲಗೆಯ ಮುಂದೆ ನಿಂತು ಓದಿದಳು. ನೀಲಿ ಸಾಲಿಗೆ ಹೋದಳು. ಕೂತಲ್ಲೇ ಮಾಸುಮಬಿಯ ಕೈ ಎರಡು ಸಲ ಮೇಲೆದ್ದು ಎರಡು ಸಲ ಮಡಿಲಿಗೆ ಬಿತ್ತು. ಅಷ್ಟರಲ್ಲಿ ನಕಾಶೆ ಹೊರಗೆ ಬಂದಿತ್ತು.

"ಸಿಕ್ಕಿತ್ರಿ! ನಾಹಿದ ದಿನಾ ಕೇಳ್ತಾಳ, ಭೀಮಾ ನದಿ ಯಾವಾಗ ತರ್ತೀರಿ ಅಂತ," ಎಂದಳು ಶಿವರಂಜನಿ. ಎರವಲು ಪುಸ್ತಕ ತುಂಬಿ, ನಕಾಶೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸಿಗೆ ಓಡಿದಳು.

ಮಾಸುಮಬಿ ಎದ್ದು ಹೋಗಿ ಪುಸ್ತಕ ನೋಡಿದಳು. 'ಹುಡುಕಿಕೊಟ್ಟವರು' ಎಂಬಲ್ಲಿ ಮೊದಲ ಬಾರಿಗೆ ಬೇರೆ ಬರಹ ಇತ್ತು: 'ನಾನೇ.' ಒಂದೇ ಮಾತನ್ನು ಮೂರು ಸಲ ಓದಿದಳು. ತನ್ನ ಹೆಸರಿಲ್ಲವೆಂದು ಬೇಸರವಾಯಿತು, ಅದರ ಬೆನ್ನಿಗೇ ಸಂತೋಷವೂ ಆಯಿತು. ಯಾವುದು ಹೆಚ್ಚು ಎಂದು ತೂಗಲು ಹೋಗಲಿಲ್ಲ. ಪುಸ್ತಕ ಮುಚ್ಚಿ, ಹಲಗೆಯ ಮೇಲೆ ಕೂತಿದ್ದ ಧೂಳನ್ನು ಸೆರಗಿನಿಂದ ಒರೆಸಿ, ಕೋಣೆಯ ಕೀಲಿಗೊಂಚಲನ್ನು ಶರಣಕುಮಾರ ಸರ್‌ಗೆ ಕೊಡಲು ಹೊರಟಳು. ನಿವೃತ್ತಿಗೆ ಇನ್ನೂ ನಾಲ್ಕು ದಿನ ಇದ್ದವು.